ಬ್ಯಾಟಿನ ಪೆಟ್ಟಿಗೆಯಲ್ಲಿ ಗಾಳಿ

ದೀಪಾವಳಿಗೆ ಪಟಾಕಿಯ ‘ಗಿಫ್ಟ್ ಬಾಕ್ಸ್’ ತಂದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಮಕ್ಕಳು ಆಸೆಪಟ್ಟದ್ದು ಹೂಕುಂಡ, ಭೂಚಕ್ರ. ಪೆಟ್ಟಿಗೆ ತೆರೆದರೆ ಅವು ಮೇಲಿನ ಒಂದು ಪದರ ಮಾತ್ರ. ಕೆಳಗೆಲ್ಲ ಯಾರೂ ಕೇಳದ ಹಾವಿನ ಗುಳಿಗೆ, ಬಣ್ಣದ ಬೆಂಕಿಕಡ್ಡಿ. ಹೀಗೆ ಒಟ್ಟಿಗೆ ಕಟ್ಟಿ ಮಾರುವ ಉಪಾಯ ಈಗ ಆಟದ ಸಾಮಾನಿಗೂ ಬಂದಿದೆ. ಮೊಬೈಲಿನಲ್ಲಿ ಒಂದು ಕ್ರಿಕೆಟ್ ಬ್ಯಾಟ್ ಹುಡುಕಿ ನೋಡಿ. ಬ್ಯಾಟ್, ಎರಡು ಚೆಂಡು, ಗ್ಲೌಸ್, ಚೀಲ ಎಲ್ಲ ಸೇರಿದ ‘ಕಾಂಬೋ’ ಅದರ ಪಕ್ಕದಲ್ಲೇ ಬಂದು ಕೂರುತ್ತದೆ.

ತಾಲ್ಲೂಕು ಕೇಂದ್ರದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟು, ಈಚೆಗೆ ಆನ್‌ಲೈನ್ ಮಾರಾಟಕ್ಕೂ ಕೈಹಾಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಸರ್, ಸೆಟ್ ಅಂದಮೇಲೆ ರಿಯಾಯಿತಿ ಕೊಡಲೇಬೇಕು. ಕೊಟ್ಟ ಮೇಲೆ ಲಾಭ ಎಲ್ಲಿಂದ ಬರುತ್ತದೆ?’ ಎಂದು ಕೇಳಿದ. ಅವನಿಗೆ ಹೇಳಿದ ಲೆಕ್ಕ ಕೊಳ್ಳುವವರಿಗೂ ಉಪಯೋಗಕ್ಕೆ ಬರುವಂಥದ್ದು.

ಇಬ್ಬರು ಗಿರಾಕಿಗಳು ಇದ್ದಾರೆ ಎಂದಿಟ್ಟುಕೊಳ್ಳೋಣ. ಮೊದಲನೆಯವರ ಮಗ ಈಗಷ್ಟೇ ಆಟ ಕಲಿಯುತ್ತಿದ್ದಾನೆ. ಅವರು ಬ್ಯಾಟಿಗೆ 1,200 ರೂಪಾಯಿ ಕೊಡಲು ಸಿದ್ಧ, ಗ್ಲೌಸಿಗೆ 300 ಮಾತ್ರ. ಎರಡನೆಯವರ ಮನೆಯಲ್ಲಿ ಹಳೆಯ ಬ್ಯಾಟ್ ಇದೆ. ಅವರು ಬ್ಯಾಟಿಗೆ 900ಕ್ಕಿಂತ ಹೆಚ್ಚು ಕೊಡರು, ಗ್ಲೌಸಿಗೆ 500 ಕೊಟ್ಟಾರು. ಬಿಡಿಯಾಗಿ ಇಬ್ಬರಿಗೂ ಮಾರಬೇಕಾದರೆ ಬ್ಯಾಟಿಗೆ 900, ಗ್ಲೌಸಿಗೆ 300 ಇಡಬೇಕು. ಒಟ್ಟು ವಸೂಲಿ 2,400. ಎರಡನ್ನೂ ಸೇರಿಸಿ 1,400ಕ್ಕೆ ಇಟ್ಟರೆ ಇಬ್ಬರೂ ಕೊಳ್ಳುತ್ತಾರೆ, ವಸೂಲಿ 2,800. ಬ್ಯಾಟಿಗೆ ಹೆಚ್ಚು ಕೊಡುವವರು ಗ್ಲೌಸಿಗೆ ಕಡಿಮೆ ಕೊಡುವುದರಿಂದಲೇ ಈ 400 ರೂಪಾಯಿ ಹುಟ್ಟಿತು. ಅದೇ ಮೊದಲನೆಯವರು ಬ್ಯಾಟಿಗೂ ಗ್ಲೌಸಿಗೂ ಹೆಚ್ಚು ಕೊಡುವವರಾಗಿ (1,200 ಮತ್ತು 500), ಎರಡನೆಯವರು ಎರಡಕ್ಕೂ ಕಡಿಮೆ ಕೊಡುವವರಾಗಿದ್ದರೆ (900 ಮತ್ತು 300), ಸೆಟ್ಟಿನ ಬೆಲೆ 1,200. ವಸೂಲಿ ಮತ್ತೆ ಅದೇ 2,400. ಕಟ್ಟಿದ ದಾರದ ಖರ್ಚೂ ಗಿಟ್ಟದು.

ಈ ಲೆಕ್ಕ ನನ್ನದಲ್ಲ. ಅಮೆರಿಕದಲ್ಲಿ ಚಿತ್ರ ಕಂಪೆನಿಗಳು ಟಿ.ವಿ. ಕೇಂದ್ರಗಳಿಗೆ ಹಳೆಯ ಚಿತ್ರಗಳನ್ನು ಗಂಟು ಕಟ್ಟಿ ಮಾರುತ್ತಿದ್ದವು. ‘ಕಾಸಾಬ್ಲಾಂಕಾ’ ಬೇಕೆಂದವರು ‘ಗೊರಿಲ್ಲಾ ಮ್ಯಾನ್’ ಚಿತ್ರವನ್ನೂ ಕೊಳ್ಳಬೇಕು! 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಕಾನೂನುಬಾಹಿರ ಎಂದಿತು. ಹೀಗೆ ಕಟ್ಟಿ ಮಾರುವುದರಿಂದ ಕಂಪೆನಿಗಳಿಗೆ ಲಾಭವಾದರೂ ಹೇಗೆ ಎಂಬುದನ್ನು ಮರುವರ್ಷ ಇಂಥದೇ ಲೆಕ್ಕದಿಂದ ವಿವರಿಸಿದವರು ಜಾರ್ಜ್ ಸ್ಟಿಗ್ಲರ್. 1982ರಲ್ಲಿ ಅವರಿಗೆ ನೊಬೆಲ್ ಬಂತು. ಸೆಟ್ಟಿನ ಜೊತೆಗೆ ಬಿಡಿಯಾಗಿಯೂ ಮಾರುವುದು ಎಷ್ಟೋ ಸಲ ಇನ್ನೂ ಲಾಭದಾಯಕ ಎಂದು 1976ರಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬರು, ಮುಂದೆ ಅಮೆರಿಕದ ಹಣಕಾಸು ಸಚಿವೆಯಾದ ಜಾನೆಟ್ ಯೆಲೆನ್.

ಆನ್‌ಲೈನ್ ಮಾರಾಟದಲ್ಲಿ ಇನ್ನೊಂದು ಸ್ವಾರಸ್ಯವಿದೆ, ಅದು ವಿಜ್ಞಾನದ ಮೇಷ್ಟ್ರಿಗೆ ಇಷ್ಟವಾಗುವಂಥದ್ದು. ಕೊರಿಯರಿನವರು ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಹಿಡಿಯುತ್ತಾರೆ. ಇದಕ್ಕೂ ನಿಜವಾದ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಬ್ಯಾಟಿನ ಪೆಟ್ಟಿಗೆ 90 × 14 × 10 ಸೆಂ.ಮೀ. ಇದ್ದರೆ ಲೆಕ್ಕದ ತೂಕ 2.52 ಕಿಲೋ. ಬ್ಯಾಟು ಇರುವುದು ಸುಮಾರು 1.2 ಕಿಲೋ. ಅಂದರೆ ಅಂಗಡಿಯವನು ಅರ್ಧಕ್ಕಿಂತ ಹೆಚ್ಚು ಬಾಡಿಗೆಯನ್ನು ಗಾಳಿಗೆ ಕೊಡುತ್ತಿದ್ದಾನೆ. ಹಿಡಿಯ ಅಕ್ಕಪಕ್ಕದ ಆ ಖಾಲಿ ಜಾಗದಲ್ಲಿ ಎರಡು ಚೆಂಡು, ಒಂದು ಗ್ರಿಪ್, ಒತ್ತಿ ಇಟ್ಟರೆ ಗ್ಲೌಸ್ ಕೂಡ ಹಿಡಿದಾವು. ತೂಕ 2 ಕಿಲೋ ದಾಟದು, ಬಾಡಿಗೆ ಒಂದು ಪೈಸೆ ಏರದು. ಒಂದೇ ಗ್ರಿಪ್ಪನ್ನು ಬೇರೆಯಾಗಿ ಕಳಿಸಿದರೆ ಗ್ರಿಪ್ಪಿನ ಬೆಲೆಯನ್ನು ಬಾಡಿಗೆಯೇ ನುಂಗುತ್ತದೆ. ಗಿರಾಕಿಗೆ ಕೊಡುವ ರಿಯಾಯಿತಿ ಈ ಉಳಿತಾಯದಿಂದ ಬರಬೇಕು. ಹೆಲ್ಮೆಟ್ಟನ್ನೋ ಪ್ಯಾಡನ್ನೋ ಸೇರಿಸಿದಿರೋ, ಪೆಟ್ಟಿಗೆಯೇ ದೊಡ್ಡದಾಗಿ ಲೆಕ್ಕ ತಲೆಕೆಳಗಾಯಿತು. (ತೆರಿಗೆಯ ವಿಷಯವನ್ನೂ ಮರೆಯಬಾರದು. ಒಂದಕ್ಕೊಂದು ಸಹಜ ಸಂಬಂಧವಿಲ್ಲದ ಸಾಮಾನುಗಳನ್ನು ಒಂದೇ ಬೆಲೆಗೆ ಕಟ್ಟಿ ಮಾರಿದರೆ, ಅವುಗಳಲ್ಲಿ ಅತಿ ಹೆಚ್ಚಿನ ಜಿ.ಎಸ್.ಟಿ. ದರ ಇಡೀ ಸೆಟ್ಟಿಗೆ ಬೀಳುತ್ತದೆ.)

ಇನ್ನು ಕೊಳ್ಳುವವರ ಮಾತು. ಸೆಟ್ಟಿನಲ್ಲಿ ಎಷ್ಟು ಸಾಮಾನಿದೆ ಎಂದು ಎಣಿಸುವ ಬದಲು ಅವೆಲ್ಲ ಒಂದೇ ಮಗುವಿಗೆ ಆಗುತ್ತವೆಯೇ ಎಂದು ನೋಡಬೇಕು. ಮಕ್ಕಳ ಬ್ಯಾಟಿಗೆ 1ರಿಂದ 6ರವರೆಗೆ ಅಳತೆಗಳಿವೆ, ಅದರ ಮೇಲೆ ಹ್ಯಾರೋ ಎಂಬುದು. ಬ್ಯಾಟು 4ನೆಯ ಅಳತೆಯದಾಗಿ, ಜೊತೆಗಿನ ಗ್ಲೌಸ್ ದೊಡ್ಡವರದಾದರೆ ಏನು ಬಂತು? 2017ರ ಕ್ರಿಕೆಟ್ ನಿಯಮಾವಳಿಯ ಪ್ರಕಾರ ಗಂಡಸರ ಚೆಂಡು ಸುಮಾರು 156ರಿಂದ 163 ಗ್ರಾಂ; 13 ವರ್ಷದೊಳಗಿನ ಮಕ್ಕಳದು 133ರಿಂದ 144 ಗ್ರಾಂ. ಈ ಇಪ್ಪತ್ತು ಗ್ರಾಮಿನ ವ್ಯತ್ಯಾಸ ಹತ್ತು ವರ್ಷದ ಹುಡುಗನ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ‘ಪಾಪ್ಯುಲರ್ ವಿಲೋ’ ಎಂದು ಬರೆದ ಅಗ್ಗದ ಬ್ಯಾಟು ಸಾಮಾನ್ಯವಾಗಿ ಪಾಪ್ಲರ್ ಮರದ್ದು, ಟೆನಿಸ್ ಚೆಂಡಿಗೆ ಸರಿ. ಅದರ ಜೊತೆ ಚರ್ಮದ ಚೆಂಡು ಇಟ್ಟು ಕಳಿಸುವವರು ಬ್ಯಾಟು ಸೀಳಲೆಂದೇ ಕಳಿಸಿದ ಹಾಗೆ. ಅಂಗಡಿಯಲ್ಲಿ ಖರ್ಚಾಗದೆ ಉಳಿದ ಮಾಲನ್ನು ತುರುಕಲು ಕಾಂಬೋ ಮಾಡುವುದನ್ನು ನಾನು ವ್ಯಾಪಾರ ಎನ್ನಲಾರೆ. ಒಂದು ಸಾಮಾನು ಸರಿಹೋಗದಿದ್ದರೆ ಅದೊಂದನ್ನೇ ಹಿಂದಿರುಗಿಸಬಹುದೇ, ಇಡೀ ಸೆಟ್ಟನ್ನೇ ಕಳಿಸಬೇಕೇ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಓದಿಕೊಳ್ಳಿ.

ಶಾಲೆಗಳ ಸಂಗತಿ ಬೇರೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆ ಆಟದ ಸಾಮಾನಿಗೆಂದು ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಗೊತ್ತುಮಾಡಿತು. ಕಾಂಬೋ ಎಂಬುದು ಒಂದು ಮನೆಯ ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಐದು ಸಾವಿರಕ್ಕೆ ಒಂದು ಚೆಂದದ ಕ್ರಿಕೆಟ್ ಕಿಟ್ ತರಿಸಿದರೆ ಒಂದು ಹೊತ್ತಿಗೆ ಬ್ಯಾಟ್ ಹಿಡಿಯುವವನು ಒಬ್ಬ, ಉಳಿದ ಮೂವತ್ತು ಮಕ್ಕಳು ಬೇಲಿಯ ಹತ್ತಿರ. ಅದರಲ್ಲೂ ಹೆಣ್ಣುಮಕ್ಕಳ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಅದೇ ಹಣಕ್ಕೆ ಹತ್ತು ಹದಿನೈದು ಸ್ಕಿಪ್ಪಿಂಗ್ ಹಗ್ಗ, ನಾಲ್ಕಾರು ಟೆನಿಕಾಯ್ಟ್ ರಿಂಗು, ಎರಡು ಥ್ರೋಬಾಲ್, ಒಂದು ಬಲೆ ಬಂದಾವು. ಹಗ್ಗ, ರಿಂಗುಗಳು ಒಂದರೊಳಗೊಂದು ಸೇರಿ ಸಣ್ಣ ಪೆಟ್ಟಿಗೆಯಲ್ಲೇ ಕೂರುತ್ತವೆ. ಥ್ರೋಬಾಲನ್ನು ಮಾತ್ರ ಗಾಳಿ ತೆಗೆದು ಕಳಿಸಲು ಹೇಳಿ, ಪಂಪು ಶಾಲೆಯಲ್ಲೇ ಇರಲಿ.