ಹೆಸರಿನ ಅರ್ಥ ತಿಳಿದು ಆಸನ ಹಾಕೋಣ

ವಿಶ್ವಸಂಸ್ಥೆಯು ೨೦೧೪ರಲ್ಲಿ ಜೂನ್ ೨೧ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಸಾರಿತು. ೨೦೧೫ರಿಂದ ಆ ದಿನ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲುಗಟ್ಟಿ ಆಸನ ಹಾಕುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಶಿಕ್ಷಕರು ‘ಶಲಭಾಸನ’ ಎಂದಾಗ ಮಗು ಪಕ್ಕದವನನ್ನು ನೋಡಿ ಕಾಲೆತ್ತಿದರೆ ಅದು ಕವಾಯತು ಆದೀತೇ ಹೊರತು ಕಲಿಕೆಯಾಗಲಾರದು. ಶಲಭವೆಂದರೆ ಮಿಡತೆ ಎಂಬ ಒಂದು ಮಾತು ಹೇಳಿದರೆ ಸಾಕು, ಹುಲ್ಲಿನಲ್ಲಿ ಕಂಡ ಮಿಡತೆಯ ಎತ್ತಿದ ಹಿಂಗಾಲು ಮಗುವಿನ ಕಣ್ಣಮುಂದೆ ನಿಲ್ಲುತ್ತದೆ. ಆಸನಕ್ಕಿಂತ ಮೊದಲು ಅದರ ಹೆಸರಿನ ಅರ್ಥವನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

“ಮೈಗೆ ವ್ಯಾಯಾಮವಾದರೆ ಸಾಕು, ಹೆಸರಿನಲ್ಲೇನಿದೆ?” ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಕೊಲ್ಹಾಪುರದ ಕುಸ್ತಿಯ ತಾಲೀಮುಗಳಲ್ಲೇ ಇದೆ. ‘ಧೋಬಿಪಛಾಡ’ ಎಂಬ ಪಟ್ಟನ್ನು ಕಲಿಯುವ ಹುಡುಗನಿಗೆ, ಅಗಸನು ಬಟ್ಟೆಯನ್ನು ಹೆಗಲ ಮೇಲಿಂದೆತ್ತಿ ಕಲ್ಲಿಗೆ ಒಗೆಯುವ ರೀತಿ ಆ ಹೆಸರಿನಲ್ಲೇ ಕಾಣುತ್ತದೆ. ಆಸನಗಳ ಹೆಸರೂ ಹಾಗೆಯೇ. ಆದರೆ ಅವು ಸಂಸ್ಕೃತದಲ್ಲಿರುವುದರಿಂದ ಬಿಡಿಸಿ ಹೇಳುವವರು ಬೇಕು.

ಬಿಡಿಸಿ ಹೇಳದಿದ್ದರೆ ಮಕ್ಕಳು ತಮಗೆ ತೋಚಿದ ಅರ್ಥ ಮಾಡಿಕೊಳ್ಳುವುದು ಸಹಜ. ‘ಹಲಾಸನ’ದ ಹಲ ಎಂದರೆ ಕನ್ನಡದ ‘ಹಲವು’ ಎಂದುಕೊಂಡಾರು. ಅದು ನೇಗಿಲು, ಗಡಹಿಂಗ್ಲಜ ಭಾಗದ ರೈತರ ಮಕ್ಕಳಿಗೆ ಹೊಸ ವಸ್ತುವಲ್ಲ. ‘ಭುಜಂಗಾಸನ’ವೆಂದರೆ ಭುಜಕ್ಕೆ ಸಂಬಂಧಿಸಿದ್ದೆಂದು ಹೆಗಲನ್ನು ಕಿವಿಯತ್ತ ಎತ್ತಿಯಾರು. ಭುಜಂಗವೆಂದರೆ ಬಾಗಿ ಬಾಗಿ ಚಲಿಸುವುದು, ಅಂದರೆ ಹಾವು. ಇನ್ನು ‘ಪಶ್ಚಿಮೋತ್ತಾನಾಸನ’ದಲ್ಲಿ ಮೂಗನ್ನು ಮೊಣಕಾಲಿಗೆ ತಾಗಿಸುವುದೇ ಪಂದ್ಯವಾಗಿಬಿಡುತ್ತದೆ. ಹೆಸರಿನಲ್ಲಿ ಮೂಗಿನ ಮಾತೇ ಇಲ್ಲ! ಪೂರ್ವಕ್ಕೆ ಮುಖ ಮಾಡಿ ಕುಳಿತವನಿಗೆ ಬೆನ್ನಿನ ಕಡೆ ಪಶ್ಚಿಮ. ಉತ್ತಾನವೆಂದರೆ ಚೆನ್ನಾಗಿ ಚಾಚಿದ್ದು. ಹಿಮ್ಮಡಿಯಿಂದ ತಲೆಯವರೆಗೆ ದೇಹದ ಹಿಂಭಾಗವನ್ನು ಚಾಚು ಎಂದಷ್ಟೇ ಅದು ಹೇಳುತ್ತದೆ. ಇದನ್ನರಿತ ಮಗು ಜಿದ್ದಿಗೆ ಬಿದ್ದು ಬೆನ್ನು ನೋಯಿಸಿಕೊಳ್ಳಲಾರದು.

ಉತ್ತಾನದ ಮೂಲ ‘ತನ್’ ಎಂಬ ಧಾತು. ಚಾಚು, ಹರಡು ಎಂದು ಅದರ ಅರ್ಥ. ನೂಲೆಂಬ ಅರ್ಥದ ‘ತಂತು’ ಅದರಿಂದಲೇ ಬಂದಿದೆ. ಮರಾಠಿಯ ‘ತಾಣಾ’ ಕೂಡ ಅದೇ ಕುಲದ್ದು. ಇಚಲಕರಂಜಿಯ ಮಗ್ಗದ ಮನೆಗಳ ತಾಣಾ-ಬಾಣಾ ಎಂದರೆ ಕನ್ನಡದ ಹಾಸು-ಹೊಕ್ಕು. ಹಾಸನ್ನು ಬಿಗಿಯಾಗಿ ಎಳೆಯಬೇಕು, ಆದರೆ ನೂಲು ಹರಿಯಬಾರದು. ನೇಕಾರರ ಮಕ್ಕಳಿಗೆ ‘ಉತ್ತಾನ’ವನ್ನು ತಿಳಿಸಲು ಬೇರೆ ಉದಾಹರಣೆ ಏಕೆ ಬೇಕು?

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಎರಡರ ನಡುವೆ ಮಕ್ಕಳು ಹಿಂದೆ ಬೀಳುವರೆಂದು ಕೆಲವು ಪಾಲಕರು ಚಿಂತಿಸುವುದುಂಟು. ಈ ವಿಷಯದಲ್ಲಂತೂ ಗಡಿನಾಡಿನ ಮಕ್ಕಳೇ ಮುಂದೆ. ಉಷ್ಟ್ರಾಸನದ ಉಷ್ಟ್ರವೇ ಮರಾಠಿಯ ‘ಉಂಟ’, ಮಯೂರಾಸನದ ಮಯೂರವೇ ‘ಮೋರ’. ವೃಕ್ಷ, ತ್ರಿಕೋಣ, ಧನುಸ್ಸು, ನೌಕೆ ಇವು ನಮ್ಮ ಕನ್ನಡ ಪಾಠಗಳಲ್ಲೇ ಬರುವ ಮಾತುಗಳು. ಒಂದು ಭಾಷೆಯಲ್ಲಿ ದೊರೆಯದ ಸುಳಿವು ಇನ್ನೊಂದರಲ್ಲಿ ದೊರೆಯುತ್ತದೆ. ಸಂಸ್ಕೃತ ಕೊಟ್ಟಿರುವಂತೆ ಪಡೆದಿದೆ ಕೂಡ. ಅದರ ‘ಮೀನ’ ಶಬ್ದವು ದ್ರಾವಿಡದ ‘ಮೀನು’ವಿನಿಂದ ಹೋದದ್ದೆಂದು ವಿದ್ವಾಂಸರು ಹೇಳುತ್ತಾರೆ. ಆದ್ದರಿಂದ ಸಂಸ್ಕೃತದ ಹೆಸರಿಗೆ ಅಂಜಬೇಕಾಗಿಲ್ಲ, ಕನ್ನಡದ ಬಗ್ಗೆ ಕೀಳರಿಮೆಯೂ ಬೇಡ.

ಹಾಗಾದರೆ ಹೆಸರುಗಳನ್ನೇ ಕನ್ನಡಕ್ಕೆ ತಿರುಗಿಸಬಾರದೇಕೆ? ಹೆಸರು ಇದ್ದಂತೆಯೇ ಇರಲಿ. ಮರಾಠಿ ಶಾಲೆಯ ಮಗುವೂ ಪರದೇಶದ ವಿದ್ಯಾರ್ಥಿಯೂ ಅದನ್ನೇ ಬಳಸುತ್ತಾರೆ. ಆದರೆ ವಿವರಣೆ ಕನ್ನಡದಲ್ಲಿರಲಿ. ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ೧೯೩೪ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರ ಶಿಷ್ಯ ಬಿ. ಕೆ. ಎಸ್. ಅಯ್ಯಂಗಾರರು ೧೯೩೭ರಲ್ಲಿ ಪುಣೆಗೆ ಬಂದು ಅಲ್ಲಿಯೇ ನೆಲೆಸಿದರು. ೧೯೬೬ರಲ್ಲಿ ಹೊರಬಂದ ಅವರ ‘ಲೈಟ್ ಆನ್ ಯೋಗ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಆಸನದ ವಿಧಾನಕ್ಕಿಂತ ಮೊದಲು ಹೆಸರಿನ ಅರ್ಥವೇ ಬರುತ್ತದೆ. ಪರದೇಶದವರಿಗೆ ಬೇಕಾದದ್ದು ನಮ್ಮ ಮಕ್ಕಳಿಗೆ ಬೇಡವೇ?

ಇದಕ್ಕೆ ಹಣದ ಖರ್ಚಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಆಸನದ ಹೆಸರನ್ನು ಫಲಕದ ಮೇಲೆ ಬಿಡಿಸಿ ಬರೆದು, ಕೆಳಗೆ ಕನ್ನಡ ಮತ್ತು ಮರಾಠಿಯ ಮಾತನ್ನು ಬರೆಯಬಹುದು. ಪಾಲಕರು ಮನೆಯಲ್ಲಿ ಅದನ್ನು ಮಕ್ಕಳಿಂದ ಕೇಳಿ ತಿಳಿಯಬಹುದು. ಅರ್ಥ ತಿಳಿದ ಮಾತ್ರಕ್ಕೆ ಆಸನ ಬಂತೆಂದಲ್ಲ. ಹಲಾಸನದಂಥವನ್ನು ಬಲ್ಲವರ ಎದುರಿಗೇ ಕಲಿಯಬೇಕು. ಆದರೆ ವಿದ್ಯಾರ್ಥಿ ಮಿತ್ರರೇ, ಮುಂದಿನ ಜೂನ್ ೨೧ರಂದು ಆಸನದ ಹೆಸರು ಕಿವಿಗೆ ಬಿದ್ದಾಗ ಪಕ್ಕದವರನ್ನು ನೋಡಬೇಡಿ. ಆ ಹೆಸರು ಏನು ಮಾಡೆನ್ನುತ್ತಿದೆ ಎಂಬುದನ್ನು ನೆನೆಯಿರಿ.