ಊರಿನ ಪದವಿ, ಧಾರವಾಡದ ಬಾಡಿಗೆ

ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನದಿಂದಲೇ ಕಾರವಾರ, ಅಂಕೋಲೆ ಕಡೆಯಿಂದ ಮುಂಬೈಗೆ ಫೋನುಗಳು ಶುರುವಾಗುತ್ತವೆ. ಇಲ್ಲಿನ ನಮ್ಮ ಕನ್ನಡ ಸಂಘದ ಸದಸ್ಯರಲ್ಲಿ ಅನೇಕರಿಗೆ ಅಲ್ಲಿ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಮಕ್ಕಳಿದ್ದಾರೆ. ಈಚೆಗೆ ಆ ಫೋನುಗಳಲ್ಲಿ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ: "ಹುಡುಗಿ ಸೈಕಾಲಜಿ ತಗೊಳ್ತೆ ಹೇಳಿ ಕೂತಿದ್ದಾಳೆ. ಅದ್ರಲ್ಲಿ ಹೊಟ್ಟೆ ತುಂಬ್ತದಾ?" ಈ ಪ್ರಶ್ನೆಯನ್ನು ತಾತ್ಸಾರದಿಂದ ತಳ್ಳಿಹಾಕುವಂತಿಲ್ಲ. ದುಡ್ಡಿನ ಲೆಕ್ಕದಲ್ಲಿಯೇ ಇದಕ್ಕೆ ಉತ್ತರ ಕೊಡಬೇಕು.

ಮೊದಲ ಮೂರು ವರ್ಷಗಳ, ಅಂದರೆ ಬಿಎ ಪದವಿಯ, ಲೆಕ್ಕ ಸುಲಭ. ಅದು ಸುಲಭವಾದದ್ದರ ಹಿಂದೆ ದಿನಕರ ದೇಸಾಯಿಯವರಂಥವರ ದುಡಿಮೆಯಿದೆ. ಚುಟುಕುಗಳ ಕವಿಯೆಂದು ಇಡೀ ಕರ್ನಾಟಕ ಬಲ್ಲ ಅವರು ಭಾರತ ಸೇವಕ ಸಮಾಜದ ಕಾರ್ಯಕರ್ತರಾಗಿದ್ದರು. ಹಡಗು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ 1940ರಲ್ಲೇ ಪುಸ್ತಕ ಬರೆದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಆ ಸಮಾಜದ ಸ್ಥಾಪಕ ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಾಬ್ದಿಯ ವರ್ಷ, 1966ರಲ್ಲಿ, ಅಂಕೋಲೆಗೆ ಗೋಖಲೆ ಶತಮಾನೋತ್ಸವ ಕಾಲೇಜು ಬಂತು. ಮನೆಯಲ್ಲಿ ಉಂಡು ಕಾಲೇಜಿಗೆ ಹೋಗಿಬರುವ ಅನುಕೂಲ ಬಡವರ ಮಕ್ಕಳಿಗೆ ಸಿಕ್ಕಿತು. ಈಗ ಆ ಅನುಕೂಲ ಇನ್ನೂ ಹೆಚ್ಚಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ; ಅಂಕೋಲೆ ಬಸ್ ನಿಲ್ದಾಣದಲ್ಲಿ ಬ್ಯಾಗು ಎದೆಗವುಚಿಕೊಂಡು ಕೆಂಪು ಬಸ್ಸು ಹತ್ತುವ ಹುಡುಗಿ ಆಧಾರ್ ಕಾರ್ಡು ತೋರಿಸುತ್ತಾಳೆ, ಕಂಡಕ್ಟರ್ ಶೂನ್ಯ ದರದ ಟಿಕೆಟು ಹರಿದುಕೊಡುತ್ತಾರೆ. ಕಾರವಾರಕ್ಕೆ ಹೋಗಿ ಓದಿದರೂ ಬಸ್ ಪಾಸಿನ ಖರ್ಚಿಲ್ಲ. (ಮನಃಶಾಸ್ತ್ರ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ, ಸೇರುವ ಮುನ್ನ ವಿಚಾರಿಸಿಕೊಳ್ಳಬೇಕು.)

ಖರ್ಚು ಶುರುವಾಗುವುದು ಪದವಿ ಕೈಗೆ ಬಂದ ಮೇಲೆ. ಬಿಎ ಮನಃಶಾಸ್ತ್ರ ಒಂದನ್ನೇ ಇಟ್ಟುಕೊಂಡು ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಇಷ್ಟು ವರ್ಷಗಳ ರೂಢಿಯ ದಾರಿ ಹೀಗಿದೆ: ಬಿಎ ಮೂರು ವರ್ಷ, ಎಂಎ ಎರಡು ವರ್ಷ, ಆ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ಕಡೆ ಎರಡು ವರ್ಷದ ಎಂಫಿಲ್. ಒಟ್ಟು ಏಳು ವರ್ಷ. ಆ ಎಂಫಿಲ್ ಪ್ರವೇಶಕ್ಕೂ ಯುಜಿಸಿ ಕೊಟ್ಟ ಅವಕಾಶ 2025-26ರವರೆಗೆ ಮಾತ್ರ. ಮುಂದಿನ ವ್ಯವಸ್ಥೆ ಬದಲಾಗುತ್ತಿದೆ. ಇನ್ನೊಂದು ಹೊಡೆತ ಈಗಾಗಲೇ ಬಿದ್ದಿದೆ. ಅಂಗಡಿಯಲ್ಲೋ ಶಾಲೆಯಲ್ಲೋ ದುಡಿಯುತ್ತಲೇ ಇಗ್ನೋದಲ್ಲಿ ಎಂಎ ಮಾಡಿಕೊಳ್ಳುತ್ತಿದ್ದವರು ಬಹಳ. 2025ರ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಮನಃಶಾಸ್ತ್ರಕ್ಕೆ ಪ್ರವೇಶ ಕೊಡಕೂಡದೆಂದು ಯುಜಿಸಿ ಹೇಳಿತು. ಕಲಿಕೆಯ ಗುಣಮಟ್ಟ ಉಳಿಯಬೇಕೆಂಬ ಕಾರಣ ಸರಿಯಾದದ್ದೇ. ಆದರೆ ಕೈಯಲ್ಲಿ ಕಾಸಿಲ್ಲದ ಹುಡುಗಿಗೆ ಇದ್ದ ಅಗ್ಗದ ಬಾಗಿಲು ಮುಚ್ಚಿಹೋಯಿತು.

ಇನ್ನು ಧಾರವಾಡಕ್ಕೆ ಹೋಗಬೇಕು. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಕೋಣೆ ಬಾಡಿಗೆ, ಮೆಸ್ಸು ಸೇರಿ ತಿಂಗಳಿಗೆ ಐದು ಸಾವಿರ ಎಂದೇ ಹಿಡಿದರೂ ಎಂಎ, ಎಂಫಿಲ್ ಸೇರಿ ನಾಲ್ಕು ವರ್ಷಕ್ಕೆ 2,40,000 ರೂಪಾಯಿ. ಅದೇ ನಾಲ್ಕು ವರ್ಷ ಊರಲ್ಲಿ ತಿಂಗಳಿಗೆ ಹನ್ನೆರಡು ಸಾವಿರದ ಕೆಲಸ ಮಾಡಿದ್ದರೆ ಬರುತ್ತಿದ್ದದ್ದು 5,76,000. ಎರಡೂ ಸೇರಿದರೆ ಎಂಟು ಲಕ್ಷ ದಾಟುತ್ತದೆ, ಕಾಲೇಜು ಶುಲ್ಕ ಬೇರೆ. ನಿರುದ್ಯೋಗಿ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿ ತಿಂಗಳಿಗೆ 3,000, ಅದೂ ಹೆಚ್ಚೆಂದರೆ ಎರಡು ವರ್ಷ. ಓದು ಮುಂದುವರಿಸಿದವರಿಗೆ ಅದೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಎಂಫಿಲ್‌ಗೆ ವಿದ್ಯಾರ್ಥಿವೇತನವಿದೆ, ಆದರೆ ಸೀಟುಗಳು ಕೆಲವೇ. ಒಳ್ಳೆಯ ಅಂಕ ತೆಗೆದ ಮಕ್ಕಳೂ ಬಿಎಗೇ ನಿಲ್ಲಿಸಿ ಬ್ಯಾಂಕ್ ಪರೀಕ್ಷೆಯ ಪುಸ್ತಕ ಹಿಡಿಯುವುದು ಇಲ್ಲಿಯೇ.

ಆದ್ದರಿಂದ ಫೋನು ಮಾಡುವ ತಂದೆತಾಯಂದಿರಿಗೆ ಸಂಘದ ಪತ್ರಿಕೆಯ ಈ ಸಂಚಿಕೆ ಹೇಳುವುದು ಇಷ್ಟು: ಬಿಎ ಮನಃಶಾಸ್ತ್ರಕ್ಕೆಂದು ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಲಕ್ಷಗಟ್ಟಲೆ ಸುರಿಯಬೇಡಿ. ಊರ ಹತ್ತಿರವೇ ಓದಿಸಿ, ಉಳಿದ ಹಣವನ್ನು ಎಂಎಗೆ ಎತ್ತಿಡಿ. ಇದನ್ನು ಓದುವ ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳೂ ತಮ್ಮ ಮಕ್ಕಳಿಗೆ ಇದೇ ಲೆಕ್ಕ ಹಾಕಬಹುದು. ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ನ ಎರಡು ವರ್ಷದ ಪದವಿಗೆ 2,760 ಡಾಲರ್. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಸೈಕಾಲಜಿಸ್ಟ್ ಪರವಾನಗಿಗೆ ಅಲ್ಲಿ ಡಾಕ್ಟರೇಟ್ ಬೇಕೇ ಬೇಕು, ಸಮುದಾಯ ಕಾಲೇಜಿನ ಪದವಿ ಮೊದಲ ಮೆಟ್ಟಿಲು ಮಾತ್ರ.

ಹಾಗಾದರೆ ಇಷ್ಟು ಖರ್ಚು ಮಾಡಿ ಕಲಿತವರಿಗೆ ಕಾರವಾರ, ಅಂಕೋಲೆ ಕಡೆ ಕೆಲಸವುಂಟೇ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿಯಾಚೆಯ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಆಗ ನದಿಪಾಲಾದ, ಕೇರಳದ ಚಾಲಕನೊಬ್ಬನ ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನ ದಡದಲ್ಲಿ ಕಾದವರ ಜತೆ, ಮಳೆ ಜೋರಾದರೆ ಇಂದಿಗೂ ನಿದ್ದೆ ಬಾರದವರ ಜತೆ ಕೂತು ಮಾತಾಡುವವರು ಬೇಕು. ದುಃಖದಲ್ಲಿರುವವರು ಮನೆಮಾತಿನಲ್ಲಿ ಮಾತಾಡುತ್ತಾರೆ: ಕಾರವಾರದ ಕೊಂಕಣಿಯಲ್ಲಿ, ಹಾಲಕ್ಕಿ ಒಕ್ಕಲಿಗರ ಕನ್ನಡದಲ್ಲಿ. ಹೊರಗಿನಿಂದ ಬಂದ ತಜ್ಞರಿಗೆ ಅದು ಅರ್ಧ ಮಾತ್ರ ತಿಳಿಯುತ್ತದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಾನಸಿಕ ಕಾಯಿಲೆಯಿರುವವರ ಪೈಕಿ ಚಿಕಿತ್ಸೆ ಸಿಗದವರೇ ಹೆಚ್ಚು. ಕಾಯಿಲೆಯನ್ನು ಅನುಸರಿಸಿ ಈ ಕೊರತೆ ಶೇ. 70ರಿಂದ 92. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ (14416) ಕರ್ನಾಟಕದಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರಿಲ್ಲದೆ ನಡೆಯದು.

ಇಂಥವರು ಊರಿಗೆ ಸಿಗಬೇಕಾದರೆ ಸಂಘಗಳೂ ಕೈಜೋಡಿಸಬೇಕು. ಈಗ ಪ್ರತಿವರ್ಷದ ಪ್ರತಿಭಾ ಪುರಸ್ಕಾರದಲ್ಲಿ ಶಾಲು, ಫಲಕ, ಲಕೋಟೆಯಲ್ಲಿ ಸ್ವಲ್ಪ ಹಣ ಕೊಟ್ಟು ಸಂಘಗಳು ತೃಪ್ತಿಪಡುತ್ತವೆ. ಹತ್ತು ಲಕೋಟೆಗಳ ಹಣ ಒಂದೇ ಕಡೆ ಸೇರಿದರೆ ಧಾರವಾಡದಲ್ಲಿ ಒಬ್ಬ ವಿದ್ಯಾರ್ಥಿನಿಯ ಹಲವು ತಿಂಗಳ ಬಾಡಿಗೆ ನಡೆಯುತ್ತದೆ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ: ಕಾರವಾರ ಅಥವಾ ಅಂಕೋಲೆಯ ಪದವೀಧರರೊಬ್ಬರಿಗೆ ಎಂಎ ಮೊದಲ ತಿಂಗಳಿಂದ ಕೊನೆಯ ಪರೀಕ್ಷೆಯವರೆಗೆ ಊಟ, ವಸತಿಯ ಖರ್ಚನ್ನು ಸಂಘ ವಹಿಸಿಕೊಳ್ಳಬೇಕು, ಹಣ ತಿಂಗಳು ತಿಂಗಳು ಅವರ ಖಾತೆಗೇ ಹೋಗಬೇಕು.