‘ಅಂಕ’ಕ್ಕೆ ಅನುಮತಿ ಕೊಟ್ಟವರು ಯಾರು?

ಕಳೆದ ತಿಂಗಳು ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಎಕ್ಸ್, ವೈ ಎನ್ನುವ ಬದಲು ಚರಾಕ್ಷರಗಳಿಗೆ ‘ಅಂಕ’, ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಟ್ಟಳು. ಯಂತ್ರ ತಕರಾರಿಲ್ಲದೆ ಕೂಡಿ ಕೊಟ್ಟಿತು. ‘ಸಾರ್, ಇದಕ್ಕೆ ಪರ್ಮಿಷನ್ ಕೊಟ್ಟವರು ಯಾರು?’ ಎಂದಳು. ಬಿ.ಎಸ್ಸಿ. ಓದುವಾಗ ಕಂಪ್ಯೂಟರನ್ನು ದೂರದಿಂದ ನೋಡಿದ್ದೇ ಹೆಚ್ಚಾದ ನನಗೆ ಉತ್ತರ ಹುಡುಕಲು ಎರಡು ರಾತ್ರಿ ಹಿಡಿಯಿತು.

ಪೈಥಾನ್ ಮುಕ್ತ ತಂತ್ರಾಂಶ. ಅದರಲ್ಲಿ ದೊಡ್ಡ ಬದಲಾವಣೆ ಬೇಕೆಂದವರು ಕಾರಣ ಸಮೇತ ‘ಪೆಪ್’ ಎಂಬ ಪ್ರಸ್ತಾವ ಬರೆಯಬೇಕು. ಇಂಗ್ಲಿಷೇತರ ಲಿಪಿಗಳ ಹೆಸರಿಗೂ ಅವಕಾಶ ಬೇಕೆಂದು ಮಾರ್ಟಿನ್ ಫಾನ್ ಲೋವಿಸ್ ಬರೆದದ್ದು 3131ನೇ ಪೆಪ್. ವಿರೋಧ ಜೋರಾಗಿಯೇ ಬಂತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾಗದು, ಒಂದೇ ರೀತಿ ಕಾಣುವ ಅಕ್ಷರಗಳು ಮೋಸ ಮಾಡುತ್ತವೆ ಎಂದರು. ಆದರೂ 2007ರಲ್ಲಿ ಭಾಷೆಯ ಜನಕ ಗೀಡೋ ವಾನ್ ರೋಸಮ್ ಒಪ್ಪಿಬಿಟ್ಟರು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0ರಿಂದ ಕನ್ನಡದ ಹೆಸರಿಗೂ ಜಾಗ ಸಿಕ್ಕಿತು.

1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ನೆನಪಾಯಿತು. ದಸರೆಗೆ ಬಂದ ಪ್ರತಿನಿಧಿಗಳು ಅಹವಾಲು ಹೇಳಬಹುದಿತ್ತು, ತೀರ್ಮಾನ ಮಾತ್ರ ಸರ್ಕಾರದ್ದು. ಗೀಡೋ ಅವರಿಗೂ ‘ಆಜೀವ ದಯಾಳು ಸರ್ವಾಧಿಕಾರಿ’ ಎಂಬ ಅರ್ಧ ತಮಾಷೆಯ ಬಿರುದಿತ್ತು. ‘ಆಜೀವ’ ಅರ್ಧದಲ್ಲೇ ನಿಂತಿತು ನೋಡಿ! ಲೆಕ್ಕದ ನಡುವೆಯೇ ಹೆಸರಿಗೆ ಬೆಲೆ ಕೊಡುವ ಒಂದು ಪುಟ್ಟ ಚಿಹ್ನೆಯನ್ನು ಒಪ್ಪಿದ್ದಕ್ಕೆ ಎದ್ದ ಜಗಳದಿಂದ ದಣಿದು, 2018ರ ಜುಲೈನಲ್ಲಿ ಅವರು ಅಧಿಕಾರ ಬಿಟ್ಟರು. ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ, ನೀವೇ ದಾರಿ ನೋಡಿಕೊಳ್ಳಿ ಎಂದರು.

ಭಾಷೆಯ ಪ್ರಮುಖ ಅಭಿವರ್ಧಕರು ಏಳು ಬಗೆಯ ಆಡಳಿತ ಮಾದರಿಗಳನ್ನು ಮುಂದಿಟ್ಟುಕೊಂಡು ಡಿಸೆಂಬರಿನಲ್ಲಿ ಮತ ಹಾಕಿದರು. ಗೆದ್ದದ್ದು ಐವರ ಚುನಾಯಿತ ಮಂಡಳಿ. ಒಂದೇ ಕಂಪೆನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರಬಾರದು, ಮೂರನೇ ಎರಡರಷ್ಟು ಮತದಿಂದ ಮಂಡಳಿಯನ್ನು ಇಳಿಸಬಹುದು. 2019ರ ಮೊದಲ ಮಂಡಳಿಗೆ ಗೀಡೋ ಕೂಡ ಚುನಾವಣೆಯಲ್ಲಿ ಗೆದ್ದೇ ಬಂದರು! ಮತ ಹಾಕುವವರು ಆ ಅಭಿವರ್ಧಕರು ಮಾತ್ರ, ಬಳಸುವ ಲಕ್ಷಾಂತರ ಜನರಲ್ಲ. ಇದು ನನಗೆ ಅಷ್ಟು ಹಿಡಿಸಲಿಲ್ಲ.

ಏಕೆಂದರೆ ನಮ್ಮ ಹುಡುಗಿ ಮರುವಾರವೇ ಎಡವಿದಳು. ‘ಬಸ್‌ಗಳು’ ಎಂದು ಹೆಸರಿಟ್ಟಳು, ಪೈಥಾನ್ ದೋಷ ತೋರಿಸಿತು. ‘ಸ್’ಗೆ ‘ಗ’ ಒತ್ತಾಗಿ ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಾವು ಕೀಲಿಮಣೆಯಿಂದ ಒತ್ತುತ್ತೇವಲ್ಲ, ಹೆಸರಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಯೂನಿಕೋಡ್ ನಿಗದಿಮಾಡಿದ ಅಕ್ಷರಪಟ್ಟಿಯನ್ನು ಪೈಥಾನ್ ಅನುಸರಿಸುತ್ತದೆ, ಆ ಪಟ್ಟಿಯಲ್ಲಿ ಅದಿಲ್ಲ. ಇಂಗ್ಲಿಷಿನವರಿಗೆ ಈ ಸಂಕೇತದ ಅಗತ್ಯವೇ ಬೀಳುವುದಿಲ್ಲ, ನಮಗೋ ಬಸ್ಸು ಹತ್ತಲೂ ಬೇಕು.

ಸದ್ಯಕ್ಕೆ ‘ವಾಹನಗಳು’ ಎಂದು ತಿದ್ದಿಕೊಂಡಳು, ಪ್ರೋಗ್ರಾಂ ಓಡಿತು. ‘ಆದರೂ ಸಾರ್, ಅರ್ಜಿ ಬರೆಯಬೇಕಾದದ್ದು ಪೈಥಾನಿನವರಿಗೋ, ಯೂನಿಕೋಡಿನವರಿಗೋ?’ ಎಂದು ಕೇಳಿದ್ದಾಳೆ. ಬರುವ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಕರಡು ಬರೆಯಲು ಕೂರುತ್ತೇವೆ.